ಕೇಬಲ್ ತಂದವರು ಯಾರು?

ನನ್ನ ಲ್ಯಾಪ್‌ಟಾಪ್‌ಗೂ ಪಕ್ಕದಲ್ಲೇ ಕೂತಿರುವ ಪ್ರಿಂಟರ್‌ಗೂ ಮಾತು ನಿಂತುಹೋಗಿದೆ. ಅರ್ಧ ಅಡಿ ದೂರದಲ್ಲಿರುವುದು ಅದಕ್ಕೆ ಸಿಗುತ್ತಿಲ್ಲವಂತೆ! ಇಂಥ ಹೊತ್ತಲ್ಲೇ ಟಿವಿಯಲ್ಲಿ 'ಇಂಡಿಪೆಂಡೆನ್ಸ್ ಡೇ' ಬರಬೇಕೇ?

1996ರ ಸಿನಿಮಾ. ಭೂಮಿಯನ್ನು ಸುಡಲು ಬಂದವರ ತಾಯಿನೌಕೆಗೆ ನಾಯಕ ತನ್ನ ಪವರ್‌ಬುಕ್ 5300 ಅನ್ನುವ ಆಪಲ್ ಲ್ಯಾಪ್‌ಟಾಪ್‌ನಿಂದ ವೈರಸ್ ಕಳಿಸುತ್ತಾನೆ. ಅದು ಹೋಗಿಯೂ ಬಿಡುತ್ತದೆ. ಪಾಸ್‌ವರ್ಡ್ ಬೇಡ, ಡ್ರೈವರ್ ಬೇಡ. ಆ ಕಾಲದಲ್ಲಿ ಮ್ಯಾಕ್‌ನ ಫ್ಲಾಪಿಯನ್ನು ಪಕ್ಕದ ಪಿಸಿಯಲ್ಲಿ ಓದಿಸುವುದೇ ಒಂದು ತಾಪತ್ರಯ. ಎಲ್ಲಿಂದಲೋ ನಕ್ಷತ್ರ ದಾಟಿ ಬಂದವರು ನೌಕೆ ಕಟ್ಟುವಾಗ ಆಪಲ್ ಪ್ಲಗ್ಗಿಗೆ ಅಂತ ಜಾಗ ಬಿಟ್ಟಿದ್ದರೇ? ಕೇಬಲ್ ತಂದವರು ಯಾರು? ಇನ್ನೊಂದು ಮಾತು. 1995ರಲ್ಲಿ ಈ 5300 ಹೊರಬಂದ ಹೊಸತರಲ್ಲೇ ಒಂದೆರಡರ ಲಿಥಿಯಂ ಅಯಾನ್ ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತ್ತು. ಕಂಪನಿ ಅವನ್ನು ವಾಪಸ್ ತರಿಸಿಕೊಂಡು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹಾಕಿಕೊಟ್ಟಿತು. ನನ್ನನ್ನು ಕೇಳಿದ್ದರೆ ವೈರಸ್ಸಿನ ರಗಳೆಯೇ ಬೇಡ, ಹಳೇ ಬ್ಯಾಟರಿಯದ್ದೇ ಒಂದನ್ನು ಅಲ್ಲಿ ಚಾರ್ಜಿಗೆ ಹಾಕಿ ಓಡಿ ಬನ್ನಿ ಅನ್ನುತ್ತಿದ್ದೆ.

"ಚಿಕ್ಕಪ್ಪಾ, ಸುಮ್ನೆ ಸಿನಿಮಾ ನೋಡು" ಅನ್ನುತ್ತಾಳೆ ಅಣ್ಣನ ಮಗಳು.

ನೋಡಬಹುದು. ಆದರೆ ಮೈ ಉರಿಯುವುದು ಬೇರೆ ಕಾರಣಕ್ಕೆ. ತೆರೆಯ ಮೇಲೆ ಮುಖ ತೋರಿಸಿದ ಕಂಪ್ಯೂಟರ್‌ಗೆ, ಅದು ಮಾಡದ ಕೆಲಸಕ್ಕೆ ಚಪ್ಪಾಳೆ. ಹಿಂದೆ ನಿಂತು ದುಡಿದದ್ದನ್ನು ಕೇಳುವವರಿಲ್ಲ. 'ಬ್ಯಾಬಿಲಾನ್ 5' ಅನ್ನುವ ಬಾಹ್ಯಾಕಾಶದ ಟಿವಿ ಧಾರಾವಾಹಿ ಶುರುವಾದದ್ದು 1993ರ ಒಂದು ಟಿವಿ ಚಿತ್ರದಿಂದ. ಅದರ ಬಾಹ್ಯಾಕಾಶ ನಿಲ್ದಾಣ, ನೌಕೆಗಳನ್ನು ಬಿಡಿಸಿದ್ದು ಅಮಿಗಾ 2000 ಅನ್ನುವ ಮೇಜಿನ ಮೇಲಿಡುವ ಕಂಪ್ಯೂಟರ್‌ಗಳು. ಒಳಗೊಂದು ವಿಡಿಯೋ ಕೆಲಸಕ್ಕಿರುವ ವಿಡಿಯೋ ಟೋಸ್ಟರ್ ಕಾರ್ಡು, ಜೊತೆಗೆ 3ಡಿ ಚಿತ್ರ ಬಿಡಿಸುವ ಲೈಟ್‌ವೇವ್ ಸಾಫ್ಟ್‌ವೇರ್. ಒಂದೊಂದೇ ಫ್ರೇಮನ್ನು ತೇಕುತ್ತಾ ಮುಗಿಸಿದವು ಪಾಪ. ಅವನ್ನು ತಯಾರಿಸಿದ ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಧಾರಾವಾಹಿ ಮಾತ್ರ 1998ರವರೆಗೂ ಹಾಯಾಗಿ ನಡೆಯಿತು. ಯಾರಾದರೂ ಒಂದು ಹನಿ ಕಣ್ಣೀರು ಹಾಕಿದರೇ?

ಇದರಲ್ಲೊಂದು ದೊಡ್ಡ ಸತ್ಯ ಅಡಗಿದೆ ಅಂತ ಹೇಳಹೊರಟಿದ್ದೆ. ಅಷ್ಟರಲ್ಲಿ 1984ರ 'ದಿ ಟರ್ಮಿನೇಟರ್' ನೆನಪಾಯಿತು. ಭವಿಷ್ಯದಿಂದ ಕೊಲ್ಲಲು ಬಂದ ಆ ಯಂತ್ರದ ಕೆಂಪು ನೋಟದಲ್ಲಿ ಸರಸರ ಓಡುವ ಅಕ್ಷರಗಳು ಇವೆಯಲ್ಲ, ಅದರಲ್ಲಿ ಆಪಲ್ II ಅನ್ನುವ ಹಳೇ ಕಂಪ್ಯೂಟರಿನ ಮಂದಿಗಾಗಿ ಬರುತ್ತಿದ್ದ ಪತ್ರಿಕೆಯಲ್ಲಿ ಅಚ್ಚಾದ, ಅದರ 6502 ಚಿಪ್ಪಿಗೆ ಬರೆದ ಕೋಡು ಇದೆ. ಅಣ್ಣನ ಮಗಳಿಗೆ ಇದನ್ನಿನ್ನೂ ಹೇಳಿಲ್ಲ. ಟಿವಿಯಲ್ಲಿ ಆ ಸಿನಿಮಾ ಬರಲಿ ಅಂತ ಕಾಯುತ್ತಿದ್ದೇನೆ.