ಸತ್ಯಾಂಶ: ಎರಡೆರಡಾಗಿ ಕಂಡರೆ ಹರಳೆಣ್ಣೆ ಮದ್ದಲ್ಲ

‘ಒಂದು ವಸ್ತು ಎರಡಾಗಿ ಕಂಡರೆ ರಾತ್ರಿ ಕಣ್ಣಿಗೆ ಹರಳೆಣ್ಣೆ ಹಾಕಿ, ಗುಡ್ಡೆ ತಿರುಗಿಸಿ, ನರ ಸರಿಹೋಗುತ್ತದೆ.’ ಮುಧೋಳ, ಜಮಖಂಡಿ ಕಡೆ ವಾಟ್ಸಾಪಿನಲ್ಲಿ ಬರುವ ಈ ಮಾತು ತಪ್ಪು.

ಪ್ರತಿ ಕಣ್ಣನ್ನು ತಿರುಗಿಸುವ ಸ್ನಾಯುಗಳು 6. ಅವನ್ನು ನಡೆಸುವ 3 ನರಗಳು (ಮಿದುಳಿನ ನರಗಳ ಎಣಿಕೆಯಲ್ಲಿ 3, 4 ಮತ್ತು 6ನೆಯವು) ಮಿದುಳಿನ ಬುಡದ ಕಾಂಡದಿಂದ ಹೊರಡುತ್ತವೆ. ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಕಣ್ಣನ್ನು ಕಿವಿಯತ್ತ ಹೊರಳಿಸುವ 6ನೇ ನರ ಸೋತರೆ ದೂರದ ಬಸ್ಸು ಅಕ್ಕಪಕ್ಕ ಎರಡಾಗುತ್ತದೆ. 4ನೆಯದು ಸೋತರೆ ಮೆಟ್ಟಿಲು ಇಳಿಯುವಾಗ, ಓದುವಾಗ ಒಂದರ ಮೇಲೊಂದು ಕಾಣುತ್ತದೆ. ಉಳಿದ 4 ಸ್ನಾಯು, ರೆಪ್ಪೆ ಎತ್ತುವುದು, ಪಾಪೆ ಕಿರಿದಾಗಿಸುವುದು 3ನೇ ನರದ ಪಾಲು.

ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದರೂ ಎರಡಾಗುವುದು ನಿಂತರೆ ಕಣ್ಣುಗಳ ಹೊಂದಾಣಿಕೆ ತಪ್ಪಿದೆ. ಒಂದೇ ಕಣ್ಣಲ್ಲೂ ಎರಡು ಕಂಡರೆ ಹೆಚ್ಚಾಗಿ ಪೊರೆ ಅಥವಾ ಚಷ್ಮಾ ನಂಬರಿನ ದೋಷ.

ಸಕ್ಕರೆ ಕಾಯಿಲೆ, ಬಿಪಿ ಇದ್ದವರಲ್ಲಿ ನರಕ್ಕೆ ರಕ್ತ ಸಾಲದೆ ಹೀಗಾದರೆ ಸಾಮಾನ್ಯವಾಗಿ ಸುಮಾರು 3 ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಎಣ್ಣೆಗೆ ಹೆಸರು ಬರುವುದು ಇದರಿಂದಲೇ. ಆದರೂ ಕಾರಣವನ್ನು ವೈದ್ಯರೇ ಖಚಿತಪಡಿಸಬೇಕು. ಅಲ್ಲಿಯತನಕ ಗಾಡಿ ಓಡಿಸಬೇಡಿ.

ಒಂದು ರೆಪ್ಪೆ ಜೋತುಬಿದ್ದು, ಪಾಪೆ ದೊಡ್ಡದಾಗಿ, ತಲೆ ಸಿಡಿಯುತ್ತಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಮಿದುಳಿನ ರಕ್ತನಾಳ ಉಬ್ಬಿ 3ನೇ ನರವನ್ನು ಒತ್ತುತ್ತಿರಬಹುದು; ಒಡೆದರೆ ಜೀವಕ್ಕೇ ಅಪಾಯ. 108ಕ್ಕೆ ಕರೆಮಾಡಿ, ಸಿಟಿ ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಇರುವ ಆಸ್ಪತ್ರೆಗೆ ಹೋಗಿ.

ಕಬ್ಬಿನ ಹೊಲದಲ್ಲಿ ಮಲಗೆದ್ದವರ ಎರಡೂ ರೆಪ್ಪೆ ಇಳಿದರೆ, ಕಚ್ಚಿದ ಗುರುತು ಕಾಣದಿದ್ದರೂ, ಹಾವಿನ ವಿಷವೆಂದೇ ಶಂಕಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.