ದೋಸೆ ಕಾವಲಿಯ ಪಕ್ಕ ಮೈನಸ್ 18

ದರ್ಶಿನಿಯ ಅಡುಗೆಮನೆಯಲ್ಲಿ ಜಾಗಕ್ಕಿರುವ ಬೆಲೆ ಬೆಂಗಳೂರಿನ ಸೈಟಿಗೂ ಇಲ್ಲ. ಅಲ್ಲಿ ಯಾವ ವಸ್ತುವೂ ಒಂದೇ ಕೆಲಸ ಮಾಡಿಕೊಂಡು ಸುಮ್ಮನಿರುವ ಹಾಗಿಲ್ಲ. ಅದಕ್ಕೇ ಮಾಲೀಕರಿಗೆ ಅಂಡರ್‌ಕೌಂಟರ್ ಫ್ರೀಜರ್ ಕಂಡರೆ ಪ್ರಾಣ. ಮೇಲೆ ಸ್ಟೀಲ್ ಟೇಬಲ್, ಕೆಳಗೆ ಬಟಾಣಿ, ಪನೀರು, ಐಸ್‌ಕ್ರೀಮು. ಕೊಳ್ಳುವಾಗ ಅವರು ಕೇಳುವುದು ಎರಡೇ ಪ್ರಶ್ನೆ: "ಎಷ್ಟು ಲೀಟರು? ಎಷ್ಟು ಕಮ್ಮಿ ಮಾಡ್ಕೊಡ್ತೀರ?" ಇದು ಬಿಸಿಗಾಳಿಯನ್ನು ಯಾವ ಕಡೆಯಿಂದ ಬಿಡುತ್ತೆ ಅಂತ ಮೂರನೆಯ ಪ್ರಶ್ನೆ ಕೇಳುವವರು ಅಪ್ಪಿತಪ್ಪಿ ಸಿಕ್ಕಿದರೆ ಅಂಗಡಿಯವನು ಸಂತೋಷಕ್ಕೆ ಕಾಫಿ ತರಿಸುತ್ತಾನೆ.

ಮುಂದೆ ಆಗುವ ಅವಾಂತರಗಳಲ್ಲಿ ಮುಕ್ಕಾಲು ಪಾಲು ಆ ಮೂರನೆಯ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಫ್ರೀಜರ್ ಎಲ್ಲಿಂದಲೋ ತಂಪನ್ನು ತಂದು ಒಳಗೆ ತುಂಬುವುದಿಲ್ಲ. ಒಳಗಿರುವ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುವ ಹಮಾಲಿ ಅದು. ಚೆಲ್ಲುವುದಕ್ಕೆ ಜಾಗ ಬೇಕು, ಹೊರಗಿನ ಗಾಳಿ ತಕ್ಕಮಟ್ಟಿಗಾದರೂ ತಣ್ಣಗಿರಬೇಕು. ನಾವೋ, 200 ಡಿಗ್ರಿ ಆಸುಪಾಸಿನಲ್ಲಿ ಕಾದ ದೋಸೆ ಕಾವಲಿಯ ಪಕ್ಕಕ್ಕೆ ಅದನ್ನು ತಳ್ಳಿ, ಹಿಂದುಗಡೆ ಗೋಡೆಗೆ ಒತ್ತಿ, ಮುಂದಿನ ಜಾಲರಿಗೆ ಈರುಳ್ಳಿ ಮೂಟೆ ಒರಗಿಸಿ, ಮೈನಸ್ 18 ಕೊಡು ಅನ್ನುತ್ತೇವೆ. ಫ್ರೀಜರಿನ ತಗಡಿನ ಮೇಲೆ ಕ್ಲೈಮೇಟ್ ಕ್ಲಾಸ್ ಅಂತ ಒಂದು ಅಂಕಿ ಇರುತ್ತದೆ. 4 ಅಂದರೆ 30 ಡಿಗ್ರಿ ಕೋಣೆಯಲ್ಲಿ ಪರೀಕ್ಷೆ ಮಾಡಿದ್ದು, 5 ಅಂದರೆ 40 ಡಿಗ್ರಿಯಲ್ಲಿ. ನಮ್ಮ ಅಡುಗೆಮನೆಗಳಿಗೆ 5ಕ್ಕಿಂತ ಕಮ್ಮಿಯದನ್ನು ತರುವುದೇ ಬೇಡ. ಮಂಗಳೂರಿನ ಏಪ್ರಿಲ್ಲಿಗೆ 5 ಕೂಡ ಬೆವರುತ್ತದೆ.

ಬರುವಾಗಲೇ ಅದರ ಕಷ್ಟ ಶುರುವಾಗುತ್ತದೆ. ಗೂಡ್ಸ್ ಆಟೋದಲ್ಲಿ ನಿಲ್ಲಿಸಿದರೆ ಮೇಲಿನ ಕರೆಂಟು ವೈರಿಗೆ ತಗಲುತ್ತೆ ಅಂತ ಹುಡುಗರು ಮಲಗಿಸಿಕೊಂಡು ಬರುತ್ತಾರೆ. ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಓಡಿಸುವ ಕಂಪ್ರೆಸರ್ ತಳದಲ್ಲಿರುವ ಎಣ್ಣೆ ಆಗ ಕೊಳವೆಗಳಿಗೆ ಹರಿದುಹೋಗುತ್ತದೆ. ಇಳಿಸಿದ ತಕ್ಷಣ "ಆನ್ ಮಾಡಿ ನೋಡೋಣ ಅಣ್ಣ" ಅನ್ನುವವನೊಬ್ಬ ಇದ್ದೇ ಇರುತ್ತಾನೆ. ಅವನ ಕೈಗೆ ಟೀ ಲೋಟ ಕೊಟ್ಟು ಕೂರಿಸುವುದು ಕ್ಷೇಮ. ನಿಂತೇ ಬಂದ ಫ್ರೀಜರನ್ನು ಎರಡು ಮೂರು ಗಂಟೆ ಬಿಡಬೇಕು, ಮಲಗಿ ಬಂದದ್ದನ್ನು ನೆಟ್ಟಗೆ ನಿಲ್ಲಿಸಿ 24 ಗಂಟೆ ಬಿಡಬೇಕು. ಎಣ್ಣೆಯಿಲ್ಲದೆ ಓಡಿದ ಕಂಪ್ರೆಸರ್ ಒಳಗೇ ಸವೆಯುತ್ತದೆ. ಅದು ಕೆಟ್ಟು ಕೂರುವುದು ವಾರಂಟಿ ಮುಗಿದ ಮೇಲೆ.

ಅಳತೆಯದು ಇನ್ನೊಂದು ಪ್ರಹಸನ. ಎರಡು ಬಾಗಿಲಿನದು ಸಾಮಾನ್ಯವಾಗಿ 1360 ಮಿ.ಮೀ. ಅಗಲ, 700 ಆಳ, 850 ಎತ್ತರ. ಕಟ್ಟೆ ಕೆಳಗಿನ ಜಾಗವನ್ನು ಟೇಪು ಹಿಡಿದು ಅಳೆದು, 1365 ಇದೆ, ಸರಿಯಾಗಿ ಕೂರುತ್ತೆ ಅಂತ ಮೇಸ್ತ್ರಿ ಹೆಮ್ಮೆಪಡುತ್ತಾನೆ. ಕೂರುತ್ತದೆ, ಉಸಿರಾಡುವುದಿಲ್ಲ. ಮುಂದಿನಿಂದ ಗಾಳಿ ಎಳೆದು ಮುಂದೆಯೇ ಬಿಡುವ ಮಾದರಿಯಾದರೆ ಬಿಗಿಯಾಗಿ ಕೂರಿಸಿದರೂ ಕೆಲಸ ನಡೆಯುತ್ತದೆ. ಹಿಂದಿನಿಂದ ಬಿಡುವುದಾದರೆ ಹಿಂದೆ ಕನಿಷ್ಠ ನಾಲ್ಕು ಇಂಚು ಬೇಕು, ಸರಿಯಾಗಿ ಎಷ್ಟೆಂದು ಅದರ ಪುಸ್ತಕದಲ್ಲೇ ಬರೆದಿರುತ್ತದೆ. ಬಾಗಿಲು ತೆರೆಯುವ ಜಾಗವನ್ನಂತೂ ಯಾರೂ ಅಳೆಯುವುದಿಲ್ಲ. ಎದುರಿಗೆ ಗ್ರೈಂಡರ್ ಇದ್ದರೆ ಬಾಗಿಲು 45 ಡಿಗ್ರಿಗೆ ನಿಂತುಬಿಡುತ್ತದೆ. 90 ಡಿಗ್ರಿ ತೆರೆಯದೆ ಒಳಗಿನ ಟ್ರೇ ಹೊರಬರುವುದಿಲ್ಲ. ಹೀಗೆ ಬಟಾಣಿಯನ್ನು ಮುಷ್ಟಿ ಮುಷ್ಟಿಯಾಗಿ ಕೈಹಾಕಿ ತೆಗೆಯುವ ಹೋಟೆಲುಗಳಿವೆ.

ಕಾಲುಗಳನ್ನು ತಿರುಗಿಸಿ ಮಟ್ಟ ಮಾಡುವಾಗ ಮುಂಭಾಗ ಕೂದಲೆಳೆಯಷ್ಟು ಎತ್ತರವಿರಲಿ. ಬಾಗಿಲು ತಾನೇ ಹಿಂದಕ್ಕೆ ವಾಲಿ ಮುಚ್ಚಿಕೊಳ್ಳುತ್ತದೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದವರು ಮೊಣಕಾಲಿನಲ್ಲಿ ಒದ್ದು ಮುಚ್ಚುವುದು ಆಗ ಅರ್ಧಕ್ಕರ್ಧ ತಪ್ಪುತ್ತದೆ. ಚಕ್ರಗಳಿದ್ದರೆ ಮುಂದಿನ ಎರಡಕ್ಕೆ ಲಾಕ್ ಹಾಕಬೇಕು. ಕಾಲಿನ ಎತ್ತರ ಆರು ಇಂಚಾದರೂ ಇರಲಿ, ಕೆಳಗೆ ಪೊರಕೆ ಹೋಗಬೇಕು. ಹೋಗದಿದ್ದರೆ ಜಿರಲೆ ಹೋಗುತ್ತದೆ.

ಇನ್ನು ಕರೆಂಟು. ಇಲ್ಲಿ ತಮಾಷೆ ಸ್ವಲ್ಪ ಕಮ್ಮಿ ಮಾಡಬೇಕು. ಅಡುಗೆಮನೆಯ ನೆಲ ಒದ್ದೆ, ಹುಡುಗರ ಕಾಲಲ್ಲಿ ಹವಾಯಿ ಚಪ್ಪಲಿ, ಮೈಯೆಲ್ಲ ಸ್ಟೀಲ್ ಆಗಿರುವ ಯಂತ್ರ. ಶಾಕ್ ಹೊಡೆಯಲು ಇನ್ನೇನು ಬೇಕು? ಫ್ರೀಜರಿಗೆ ಅಂತಲೇ ಪ್ರತ್ಯೇಕ ಲೈನು, 16 ಆಂಪಿಯರ್‌ನ ಮೂರು ಪಿನ್ ಸಾಕೆಟ್, ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸಿ ಮಾದರಿಯ ಎಂಸಿಬಿ, ಕರೆಂಟು ಸೋರಿದರೆ ಬೀಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಳೆದು ನೋಡಿದ ಅರ್ಥಿಂಗ್. ಓಡುವಾಗ ಎರಡು ಮೂರು ಆಂಪಿಯರ್ ಎಳೆಯುವ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಮಿಕ್ಸಿ, ಮೊಬೈಲ್ ಚಾರ್ಜರ್, ದೇವರ ಸೀರಿಯಲ್ ಸೆಟ್ ಎಲ್ಲ ಸೇರಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನೂ ಚುಚ್ಚಿದರೆ ಮೊದಲು ಪ್ಲಗ್ಗು ಕಂದುತ್ತದೆ, ಆಮೇಲೆ ವಾಸನೆ ಬರುತ್ತದೆ. ಸಾಕೆಟ್ ಫ್ರೀಜರಿನ ಬೆನ್ನ ಹಿಂದೆ ಇರಬಾರದು. ಪಕ್ಕದಲ್ಲಿ, ತೊಳೆಯುವ ನೀರು ಸಿಡಿಯದ ಎತ್ತರದಲ್ಲಿ, ಕೈಗೆಟಕುವಂತಿರಬೇಕು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಒಂದು ಸುಲಭ ಪರಿಹಾರ ಹೇಳುತ್ತಾನೆ: "ಅದನ್ನ ಬೈಪಾಸ್ ಮಾಡಿಬಿಡ್ತೀನಿ ಸಾರ್, ತಲೆನೋವೇ ಇರಲ್ಲ." ಅದು ಬೀಳುತ್ತಿರುವುದು ಎಲ್ಲೋ ಕರೆಂಟು ಸೋರುತ್ತಿದೆ ಅಂತ. ಹಿಮ ಕರಗಿಸುವ ಡಿಫ್ರಾಸ್ಟ್ ಹೀಟರಿನಲ್ಲಿ ತೇವ ಸೇರಿರಬಹುದು, ಇಲಿ ವೈರು ಕಡಿದಿರಬಹುದು. ಹುಡುಕಿಸಬೇಕು. ಬೈಪಾಸ್ ಹೃದಯಕ್ಕೆ ಮಾಡಿಸುವುದು, ಅದೂ ಆಸ್ಪತ್ರೆಯಲ್ಲಿ.

ವೋಲ್ಟೇಜ್ ಏರಿಳಿಯುವ ಕಡೆ ಸ್ಟೆಬಿಲೈಸರ್ ಬೇಕೇ ಬೇಕು, ಮೂರು ನಿಮಿಷ ತಡಮಾಡಿ ಕರೆಂಟು ಕೊಡುವಂಥದ್ದು. ನಿಂತ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮವಾಗಲು ಅಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕೆ ಮುಂಚೆಯೇ ಕರೆಂಟು ಬಂದರೆ ಎಳೆಯಲಾರದೆ ಗುಂಯ್ ಅಂದು, ಟಕ್ ಅಂತ ಓವರ್‌ಲೋಡ್ ಬಿದ್ದು ಸುಮ್ಮನಾಗುತ್ತದೆ. ಆಗ ಸ್ವಿಚ್ಚನ್ನು ಆರಿಸಿ ಹಾಕಿ, ಆರಿಸಿ ಹಾಕಿ ನೋಡುವುದು ನಮ್ಮ ರಾಷ್ಟ್ರೀಯ ದುರಸ್ತಿ ಪದ್ಧತಿ. ಪ್ರತಿ ಸಲವೂ ಅದು ಕಂಪ್ರೆಸರಿನ ವೈಂಡಿಂಗಿಗೆ ಬೀಳುವ ಪೆಟ್ಟು. ಆರಿಸಿ, ಐದು ನಿಮಿಷ ಬಿಟ್ಟು, ಒಮ್ಮೆ ಮಾತ್ರ ಹಾಕಿ.

ಮೊದಲ ದಿನ ಖಾಲಿ ಓಡಿಸಿ, ಮೈನಸ್ 18 ಮುಟ್ಟಿದ ಮೇಲೆ ಈಗಾಗಲೇ ಗಟ್ಟಿಯಾಗಿರುವ ಮಾಲನ್ನು ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. ಇದು ಹೆಪ್ಪುಗಟ್ಟಿದ್ದನ್ನು ಹಾಗೇ ಇಟ್ಟುಕೊಳ್ಳುವ ಪೆಟ್ಟಿಗೆ, ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲ. ಭಟ್ಟರು ಕೇಳುವುದಿಲ್ಲ. ಉಳಿದ ಸಾಗುವನ್ನು ಹಬೆಯಾಡುತ್ತಿರುವಾಗಲೇ ಹತ್ತು ಲೀಟರ್ ಪಾತ್ರೆಯಲ್ಲಿ ಒಳಗಿಟ್ಟು, "ಬೆಳಗ್ಗೆಗೆ ಆಗುತ್ತೆ ಬಿಡಿ" ಅನ್ನುತ್ತಾರೆ. ಬೆಳಗ್ಗೆ ಸಾಗು ನಡುವೆ ಬೆಚ್ಚಗೆ, ಐಸ್‌ಕ್ರೀಮು ಪಾಯಸ, ಹಬೆಯೆಲ್ಲ ಒಳಗಿನ ಕಾಯಿಲಿನ, ಅಂದರೆ ಬಿಸಿ ಹೀರುವ ಕೊಳವೆ ಸುರುಳಿಯ ಮೇಲೆ ಹಿಮ. ಸೋಡಾ ಬಾಟಲಿ ಬೇಗ ತಣ್ಣಗಾಗಲಿ ಅಂತ ಇಟ್ಟು ಮರೆಯುವ ಸಪ್ಲೈಯರ್ ಇನ್ನೊಬ್ಬ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಬಾಟಲಿ ಒಡೆದ ಫ್ರೀಜರಿನಲ್ಲಿ ತೆರೆದಿಟ್ಟ ಪ್ಯಾಕೆಟ್ಟುಗಳನ್ನೆಲ್ಲ ಎಸೆಯಲೇಬೇಕು. ಬಟಾಣಿಯ ನಡುವೆ ಗಾಜು ಹುಡುಕುವ ಕಣ್ಣು ಯಾರಿಗೂ ಇಲ್ಲ.

ಕಾಯಿಲಿನ ಮೇಲೆ ಕೂತ ಹಿಮ ಕರಗಿಸಲು ಯಂತ್ರವೇ ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ಹೀಟರ್ ಹಚ್ಚಿಕೊಳ್ಳುತ್ತದೆ. ಡಿಸ್‌ಪ್ಲೇಯಲ್ಲಿ ಆಗ ಡಿಇಎಫ್ ಅಂತ ಬರುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಆ ಅರ್ಧ ಗಂಟೆಯಲ್ಲೇ ಮಾಲೀಕರು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅವನು ಬಂದು ನೋಡುವಾಗ ಎಲ್ಲ ಸರಿಯಿರುತ್ತದೆ, ವಿಸಿಟಿಂಗ್ ಚಾರ್ಜು ಮಾತ್ರ ಕೊಡಬೇಕು. ಕೈಯಲ್ಲೇ ಕರಗಿಸುವ ಮಾದರಿಯಾದರೆ ಹಿಮ ಐದಾರು ಮಿ.ಮೀ. ದಪ್ಪವಾದಾಗ ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು ಕಾಯಿರಿ. ಸ್ಕ್ರೂಡ್ರೈವರಿನಿಂದ ಕೆತ್ತುವವರು ತಟ್ಟನೆ ಒಂದು 'ಸ್ಸ್' ಶಬ್ದ ಕೇಳುತ್ತಾರೆ. ಅಲ್ಯೂಮಿನಿಯಂ ಕೊಳವೆ ತೂತಾದ ಶಬ್ದ ಅದು, ಬಹಳ ದುಬಾರಿ.

ಆ ತೂತಿನಿಂದ ಹೊರಬಂದ, ಬಿಸಿ ಹೊರುವ ಗ್ಯಾಸು ಯಾವುದು ಅನ್ನುವುದೂ ಗೊತ್ತಿರಬೇಕು. ಈಗಿನ ಬಹಳಷ್ಟು ಫ್ರೀಜರುಗಳಲ್ಲಿ ಇರುವುದು ಆರ್290, ಅಂದರೆ ಶುದ್ಧ ಪ್ರೊಪೇನ್. ಹೊತ್ತಿಕೊಳ್ಳುವ ಅನಿಲ. ಹಾಗಂತ ಗಾಬರಿಯಾಗಿ ಫ್ರೀಜರನ್ನೇ ವಾಪಸ್ ಕಳಿಸಬೇಕಿಲ್ಲ. ಇಂಥ ಚಿಕ್ಕ ಯಂತ್ರದಲ್ಲಿ ಅದು ಸಾಮಾನ್ಯವಾಗಿ 150 ಗ್ರಾಮಿನೊಳಗೆ, ಪಕ್ಕದಲ್ಲೇ ನಿಂತ ಕಮರ್ಷಿಯಲ್ ಸಿಲಿಂಡರಿನಲ್ಲಿ 19 ಕಿಲೋ. ಆದರೂ ಎರಡು ವಿಷಯ ನೆನಪಿಡಿ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಬೆರೆಸಿರುವುದಿಲ್ಲ, ಸೋರಿದರೆ ಮೂಗಿಗೆ ಗೊತ್ತಾಗದು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲೇ, ನಮ್ಮ ಬರ್ನರುಗಳ ಕಾಲಬುಡದಲ್ಲೇ ಹರಡುತ್ತದೆ. ಹೀಗಾಗಿ ಕೊಳವೆ ತೂತಾಯಿತು ಅನ್ನಿಸಿದರೆ ಮೊದಲು ಒಲೆ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ಫ್ರೀಜರಿನ ಸ್ವಿಚ್ಚಾಗಲಿ ಫ್ಯಾನಿನ ಸ್ವಿಚ್ಚಾಗಲಿ ಅಲ್ಲಿ ಮುಟ್ಟಬೇಡಿ, ಕಿಡಿ ಹಾರುತ್ತದೆ. ದೂರದ ಮೇನ್ ಬೋರ್ಡಿನಲ್ಲಿ ಲೈನು ತೆಗೆಯಿರಿ. ಒಳಗೆ ಹೇರ್ ಡ್ರೈಯರ್ ಹಿಡಿದು ಹಿಮ ಕರಗಿಸುವ ಉಪಾಯ ಬೇಡ ಅನ್ನುವುದಕ್ಕೂ ಇದೇ ಕಾರಣ.

ಈಗ ಮೆಕ್ಯಾನಿಕ್. ಯಾವ ಫ್ರೀಜರ್ ಯಾವ ಕಾರಣಕ್ಕೆ ತಣ್ಣಗಾಗದಿದ್ದರೂ ಬಾಗಿಲಲ್ಲಿ ನಿಂತೇ "ಗ್ಯಾಸ್ ಖಾಲಿಯಾಗಿದೆ ಸಾರ್" ಅನ್ನುವವನ ಕೈಗೆ ಅದನ್ನು ಕೊಡಬೇಡಿ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗಿನ ಗ್ಯಾಸು ಬೈಕಿನ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ ಜಾಗ ಮುಚ್ಚದೆ ತುಂಬಿದ ಗ್ಯಾಸಿಗೆ ನೀವು ತಿಂಗಳ ಕಂತು ಕಟ್ಟಿದ ಹಾಗೆ. ಬಲ್ಲವನು ಒಣ ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುತ್ತಾನೆ. ಸರಿಮಾಡಿದ ಮೇಲೆ ತೇವ ಹೀರುವ ಹೊಸ ಫಿಲ್ಟರ್ ಡ್ರೈಯರ್ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಒತ್ತಡವನ್ನು 500 ಮೈಕ್ರಾನಿಗೆ, ಅಂದರೆ ಗಾಳಿಯೇ ಇಲ್ಲ ಅನ್ನುವಷ್ಟಕ್ಕೆ ಇಳಿಸಿ, ತಕ್ಕಡಿಯಲ್ಲಿ ತೂಗಿ ಗ್ಯಾಸು ತುಂಬುತ್ತಾನೆ. ನೂರು ಗ್ರಾಮಿನ ಲೆಕ್ಕದಲ್ಲಿ ಹತ್ತು ಗ್ರಾಂ ತಪ್ಪಿದರೂ ಫ್ರೀಜರ್ ಮುನಿಸಿಕೊಳ್ಳುತ್ತದೆ. ಅಂದಾಜಿಗೆ ತುಂಬುವವನು, ಆರ್290 ಯಂತ್ರದಲ್ಲಿ ಗ್ಯಾಸು ಪೂರ್ತಿ ತೆಗೆಯದೆ ಬೆಸುಗೆಯ ಟಾರ್ಚ್ ಹಚ್ಚುವವನು, "ಅಡುಗೆ ಗ್ಯಾಸೇ ಹಾಕಿದ್ರೆ ಆಗುತ್ತೆ, ಎರಡೂ ಒಂದೇ" ಅನ್ನುವವನು, ಈ ಮೂವರಿಗೂ ಬಾಗಿಲಲ್ಲೇ ಕೈಮುಗಿಯಿರಿ. ಅಡುಗೆ ಗ್ಯಾಸಿನಲ್ಲಿ ಬ್ಯೂಟೇನ್ ಇದೆ, ತೇವ ಇದೆ, ಗಂಧಕದ ವಾಸನೆಯ ದ್ರವ್ಯ ಇದೆ. ಕ್ಯಾಪಿಲರಿ ಕೊಳವೆಯ ಸಣ್ಣ ಗಂಟಲಿಗೆ ಇದಾವುದೂ ಒಗ್ಗದು.

ನಿಜವಾದ ಕಾರಣ ಹತ್ತರಲ್ಲಿ ಎಂಟು ಸಲ ಕಂಡೆನ್ಸರಿನಲ್ಲಿ, ಅಂದರೆ ಬಿಸಿಯನ್ನು ಹೊರಗೆ ಚೆಲ್ಲುವ ರೆಕ್ಕೆಗಳಿರುವ ಕೊಳವೆಗಳಲ್ಲಿ ಇರುತ್ತದೆ, ಇದು ನಮ್ಮ ಅಂದಾಜು. ಜಾಲರಿ ಬಿಚ್ಚಿ ನೋಡಿ. ಒಗ್ಗರಣೆ ಹೊಗೆಯ ಎಣ್ಣೆ, ಅದರ ಮೇಲೆ ಮೈದಾ, ಅದರ ಮೇಲೆ ಒಂದು ಕರಿಬೇವಿನೆಲೆ. ಬೇಯಿಸಿದರೆ ತಿನ್ನಬಹುದು. ಬಿಸಿ ಹೊರಹೋಗುವ ದಾರಿ ಮುಚ್ಚಿದರೆ ಒಳಗಿನ ಒತ್ತಡ ಏರುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ಕಂಪ್ರೆಸರ್ ಕಾದು ಬೀಳುತ್ತದೆ. ತಿಂಗಳಿಗೊಮ್ಮೆ, ಕಾವಲಿಯ ಪಕ್ಕದ್ದಾದರೆ ಹದಿನೈದು ದಿನಕ್ಕೊಮ್ಮೆ, ಹೋಟೆಲು ಮುಚ್ಚಿದ ಮೇಲೆ ಪ್ಲಗ್ ತೆಗೆದು, ಕೈಗವಸು ತೊಟ್ಟು, ಮೃದುವಾದ ಬ್ರಷ್‌ನಿಂದ ರೆಕ್ಕೆಗಳು ಇರುವ ದಿಕ್ಕಿನಲ್ಲೇ ಉಜ್ಜಿ, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಅಡ್ಡಕ್ಕೆ ಉಜ್ಜಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಎಣ್ಣೆಯ ಜೊತೆ ಅಲ್ಯೂಮಿನಿಯಮ್ಮೂ ಹೋಗುತ್ತದೆ. ರಾತ್ರಿ ನೆಲ ತೊಳೆಯುವ ಹುಡುಗ ಪೈಪು ಹಿಡಿದು "ಇದಕ್ಕೂ ಒಂದು ಸ್ನಾನ ಆಗಲಿ" ಅಂತ ಜಾಲರಿಯೊಳಕ್ಕೆ ನೀರು ಬಿಡದಂತೆ ಮೊದಲೇ ಹೇಳಿಡಿ.

ಆಯುಧ ಪೂಜೆಯನ್ನು ಬೇಡ ಅನ್ನಲು ನಮಗೆ ಧೈರ್ಯವಿಲ್ಲ. ಅರಿಶಿನ ಕುಂಕುಮ ಬಾಗಿಲಿಗಿರಲಿ, ಚೆಂಡುಹೂವಿನ ಹಾರ ಗಾಳಿ ಜಾಲರಿಗೆ ಬೇಡ. ಅಲ್ಲಿ ಹಾಕಿದ ಹಾರ ದೀಪಾವಳಿಯವರೆಗೂ ಇರುತ್ತದೆ, ಒಣಗಿದ ಎಸಳುಗಳು ಒಂದೊಂದಾಗಿ ಕಂಡೆನ್ಸರಿಗೆ ಅಂಟುತ್ತವೆ. ಆರತಿಯನ್ನು ಮೇಲಿನಿಂದಲೇ ಬೆಳಗಿ.

ಬಾಗಿಲ ರಬ್ಬರಿಗೆ ಹತ್ತು ರೂಪಾಯಿಯ ಪರೀಕ್ಷೆ ಸಾಕು. ನೋಟನ್ನು ನಡುವೆ ಇಟ್ಟು ಮುಚ್ಚಿ ಎಳೆಯಿರಿ, ಬಿಗಿ ಇಲ್ಲದೆ ಜಾರಿ ಬಂದರೆ ಅಲ್ಲಿಂದ ಹೊರಗಿನ ತೇವಗಾಳಿ ನುಗ್ಗುತ್ತಿದೆ. ಸುತ್ತಲೂ ಹೀಗೆ ನೋಡಿ. ಸೋಪು ಬೆರೆಸಿದ ಬೆಚ್ಚನೆ ನೀರಿನಿಂದ ಒರೆಸಿದರೆ ಜಿಡ್ಡು ಹೋಗಿ ಎಷ್ಟೋ ಸಲ ರಬ್ಬರು ಮತ್ತೆ ಹಿಡಿಯುತ್ತದೆ, ಬಿರುಕು ಬಿಟ್ಟಿದ್ದರೆ ಬದಲಿಸುವುದೇ. ಹಿಡಿಕೆಗೆ ಒರೆಸುವ ಬಟ್ಟೆ ನೇತುಹಾಕುವ ಚಾಳಿ ಬಿಡಿಸಿ. ಅದರ ತುದಿ ರಬ್ಬರಿನ ನಡುವೆ ಸಿಕ್ಕಿ ಬಾಗಿಲು ರಾತ್ರಿಯಿಡೀ ಒಂದು ಎಳೆ ತೆರೆದಿರುತ್ತದೆ. ಬೆಳಗ್ಗೆ ಒಳಗಿನ ಫ್ಯಾನು ಮಂಜುಗಡ್ಡೆಗೆ ತಾಗಿ ಕರಕರ ಅನ್ನುತ್ತದೆ.

ಕೊನೆಗೆ ಉಷ್ಣಾಂಶದ ಪಟ್ಟಿ. ಆಹಾರ ಸುರಕ್ಷತೆಯವರು ಬಂದಾಗ ತೋರಿಸಲು ಎಲ್ಲ ಕಡೆಯೂ ಒಂದು ಹಾಳೆ ನೇತಾಡುತ್ತಿರುತ್ತದೆ. ಒಂದನೇ ತಾರೀಖಿನಿಂದ ಕೊನೆಯವರೆಗೆ ಮೈನಸ್ 18, ಒಂದೇ ಪೆನ್ನು, ಒಂದೇ ಕೈಬರಹ. ಫೆಬ್ರವರಿಯಲ್ಲೂ 30ನೇ ತಾರೀಖಿನ ಲೆಕ್ಕ ಸಿಗುತ್ತದೆ. ನಿಜವಾಗಿ ಬರೆದರೆ ಆ ಹಾಳೆಯಷ್ಟು ಉಪಯುಕ್ತ ಇನ್ನೊಂದಿಲ್ಲ. ಡಿಸ್‌ಪ್ಲೇ ತೋರಿಸುವುದು ಗಾಳಿಯ ಉಷ್ಣಾಂಶ, ಆದ್ದರಿಂದ ಪ್ಯಾಕೆಟ್ಟುಗಳ ನಡುವೆ ಒಂದು ಪ್ರತ್ಯೇಕ ಥರ್ಮಾಮೀಟರ್ ಇಟ್ಟು, ಬೆಳಗ್ಗೆ ಬಾಗಿಲು ತೆರೆಯುವ ಮೊದಲ ಸಲಕ್ಕೊಮ್ಮೆ, ಮಧ್ಯಾಹ್ನದ ಗದ್ದಲ ಇಳಿದ ಮೇಲೊಮ್ಮೆ ನೋಡಿ ಬರೆಯಿರಿ. ವಾರಗಟ್ಟಲೆ ನಿಧಾನವಾಗಿ ಏರುತ್ತಾ ಬಂದಿದ್ದರೆ ಮೊದಲು ಕಂಡೆನ್ಸರ್ ನೋಡಿ. ಮಧ್ಯಾಹ್ನ ಮಾತ್ರ ಏರಿ ಬೆಳಗ್ಗೆ ಸರಿಯಿದ್ದರೆ ಬಾಗಿಲು ಹೆಚ್ಚು ತೆರೆಯುತ್ತಿದ್ದೀರಿ, ಇಲ್ಲವೇ ಭಟ್ಟರ ಸಾಗು. ಬೆಳಗ್ಗೆಯೂ ಇಳಿಯದೆ, ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದು, ಕಂಡೆನ್ಸರೂ ಚೊಕ್ಕಟವಾಗಿದ್ದರೆ ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿ ಆ ಅಂಕಿಗಳನ್ನು ಓದಿ ಹೇಳಿ. "ಗ್ಯಾಸ್ ಖಾಲಿ" ಅನ್ನುವ ಮೊದಲು ಅವನೂ ಒಂದು ಕ್ಷಣ ಯೋಚಿಸುತ್ತಾನೆ.