ನ್ಯೂಟ್ರಿನೋ 14.6 ಕಿಲೋ ಹರಳಿನಲ್ಲೇ ಸಿಕ್ಕಿತ್ತು

ಯಾವುದಕ್ಕೂ ಸುಲಭಕ್ಕೆ ತಾಗದ ಸೂಕ್ಷ್ಮ ಕಣವಾದ ನ್ಯೂಟ್ರಿನೋ ಹಿಡಿಯಲು ಸಾವಿರಾರು ಟನ್ ನೀರಿನ ತೊಟ್ಟಿಯೇ ಬೇಕು ಎಂದು ನ್ಯೂಟ್ರಿನೋ ಬಗೆಗಿನ ನಿಮ್ಮ ಲೇಖನದಲ್ಲಿದೆ. ಯಾವಾಗಲೂ ಹಾಗೇನಿಲ್ಲ. 2017ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕೊಹೆರೆಂಟ್ ಎಂಬ ವಿಜ್ಞಾನಿಗಳ ತಂಡ ನ್ಯೂಟ್ರಿನೋ ಹಿಡಿಯಲು ಬಳಸಿದ್ದು ಬರೀ 14.6 ಕಿಲೋ ತೂಕದ ಸೀಸಿಯಂ ಅಯೊಡೈಡ್ ಹರಳು. ಒಬ್ಬರೇ ಎತ್ತಿ ಇಡಬಹುದಾದಷ್ಟು!

ಕಡಿಮೆ ಶಕ್ತಿಯ ನ್ಯೂಟ್ರಿನೋ ತಾಗಿದಾಗ ಪರಮಾಣುವಿನ ನಡುವಿನ ತಿರುಳು, ಅಂದರೆ ಇಡೀ ನ್ಯೂಕ್ಲಿಯಸ್, ಒಟ್ಟಿಗೇ ಅಲುಗುತ್ತದೆ, ಒಳಗಿನ ಕಣಗಳು ಬಿಡಿಬಿಡಿಯಾಗಿ ಅಲ್ಲ. ಹಾಗಾಗಿ ನ್ಯೂಕ್ಲಿಯಸ್‌ನ ಒಳಗಿನ ನ್ಯೂಟ್ರಾನ್ ಕಣಗಳು ಎರಡು ಪಟ್ಟಾದರೆ ತಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಸಣ್ಣ ಹರಳೂ ಸಾಕಾಯಿತು. ಕಷ್ಟ ಇರುವುದು ಬೇರೆ ಕಡೆ. ಆ ಅಲುಗಾಟ ತೀರಾ ಸಣ್ಣದು, ಹರಳಿನೊಳಗೆ ಮಿನುಗುವ ಬೆಳಕು ಇದೆಯೋ ಇಲ್ಲವೋ ಅನ್ನುವಷ್ಟು.

ನ್ಯೂಕ್ಲಿಯಸ್ ಹೀಗೆ ಒಟ್ಟಿಗೇ ಅಲುಗುತ್ತದೆ ಎಂದು ಭೌತವಿಜ್ಞಾನಿ ಡೇನಿಯಲ್ ಫ್ರೀಡ್‌ಮನ್ 1974ರಲ್ಲೇ ಹೇಳಿದ್ದರು. ಅಳತೆಗೆ ಸಿಗಲು 43 ವರ್ಷ ಬೇಕಾಯಿತು. ಇಷ್ಟು ಚೆಂದದ ಭಾಗ ಲೇಖನದಲ್ಲಿ ಇರಬೇಕಿತ್ತು ಅಲ್ವಾ? ದಯವಿಟ್ಟು ಸೇರಿಸಿ.